ತಂಗೆವ್ವನ ಹೆಬ್ಬೆರಳು

ನಳಕ್ಕೆ ನೀರು ಬಂತೆಂದರೆ ಬನಹಟ್ಟಿಯ ಆ ಓಣಿಯಲ್ಲಿ ಯಾರಿಗೂ ಮೈಮೇಲೆ ಖಬರು ಇರುವುದಿಲ್ಲ. ನೀರು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ನೀರು ಬಿಡುವವನಿಗೂ ಗೊತ್ತಿರುವುದಿಲ್ಲ. ಅವತ್ತು ತಂಗೆವ್ವ ಒಲೆಯ ಮೇಲಿನ ಚಹಾ ಬಿಟ್ಟು ಅಂಗಳಕ್ಕೆ ಓಡಿದಳು. ನೆಲದಡಿಯ ಟಾಕಿಗೆ ಮುಚ್ಚಿದ ಫರಸಿ ಕಲ್ಲು ಎತ್ತಲು ಇಬ್ಬರು ಬೇಕು ಎಂದು ಗಂಡ ಅಂದಾನೆಪ್ಪ ಎಷ್ಟೋ ಸಲ ಹೇಳಿದ್ದ. ಆದರೆ ಆತನನ್ನು ಕರೆದರೆ ಮೊದಲು ಚಪ್ಪಲಿ ಹುಡುಕುತ್ತಾನೆ, ಆಮೇಲೆ ಕೆಮ್ಮುತ್ತಾನೆ, ಅಷ್ಟರಲ್ಲಿ ನೀರು ನಿಂತಿರುತ್ತದೆ. ಒಬ್ಬಳೇ ಎತ್ತಿದಳು. ಕಲ್ಲು ಜಾರಿ ಬಲಗೈ ಹೆಬ್ಬೆರಳ ಮೇಲೆ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಣಿ ಕೂಡಿಸುತ್ತಿದ್ದರು. ತಂಗೆವ್ವ ಹಲ್ಲು ಕಚ್ಚಿ ಎಡಗೈಯಿಂದ ಕಲ್ಲು ಸರಿಸಿದಳು. ರಕ್ತ ಸುರಿಯುತ್ತಿದ್ದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಆಚೀಚೆ ನೋಡಿದಳು. ಯಾರಾದರೂ ಕಂಡರೇನೋ ಎಂಬುದು ಆಕೆಯ ಮೊದಲ ಚಿಂತೆ. ಬೆರಳು ಉಳಿಯಿತೋ ಇಲ್ಲವೋ ಎಂಬುದು ಅದರ ನಂತರದ್ದು.

ಹುಚ್ಚಿ ಅನ್ನಬೇಡಿ, ಅದಕ್ಕೆ ಕಾರಣ ಇತ್ತು. ತಂಗೆವ್ವ ಕೆಚ್ಚುವ ಕೆಲಸದವಳು. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು, ತೀರುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ತುದಿ ಕೂಡಿಸಬೇಕಾಗುತ್ತದೆ. ಗಂಟು ಹಾಕುವಂತಿಲ್ಲ. ಬಾಚಣಿಕೆಯಂಥ ಹಲ್ಲುಗಳ ಹಣಿಗೆಯ ಸಂದಿಯಲ್ಲಿ ಗಂಟು ಹಾಯುವುದಿಲ್ಲ. ಹಳೆಯ ಎಳೆಯೊಂದು, ಹೊಸ ಎಳೆಯೊಂದು, ಎರಡನ್ನೂ ಬೂದಿ ಮುಟ್ಟಿಸಿದ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊಸೆಯಬೇಕು. ಹೊಸೆದ ಮೇಲೆ ಎಲ್ಲಿ ಕೂಡಿತು ಎಂದು ಹೊಸೆದವಳಿಗೂ ಕಾಣಬಾರದು. ಒಂದು ಸೀರೆಯ ಅಗಲಕ್ಕೆ ಇಂಥ ಎಳೆಗಳು ಸಾವಿರಾರು. ಅದೆಲ್ಲ ಮುಗಿಯುವ ತನಕ ಮಗ್ಗವೂ ನಿಂತಿರುತ್ತದೆ, ಮಗ್ಗದ ಮಾಲಕನೂ ಬಾಗಿಲಲ್ಲಿ ನಿಂತಿರುತ್ತಾನೆ.

ಗಲಗಲಿಯ ಹೊಳೆದಂಡೆಯಲ್ಲಿ ಹುಟ್ಟಿ, ಮಗ್ಗದ ಸಪ್ಪಳವನ್ನೇ ಕೇಳದ ಹುಡುಗಿ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಆಕೆಯ ಕೈಹಿಡಿದು ನೋಡಿದ್ದು ಬಳೆಯನ್ನಲ್ಲ, ಹೆಬ್ಬೆರಳನ್ನು. "ಬೆರಳು ಮೆತ್ತಗೈತಿ, ಕೆಲಸಕ್ಕ ಬರ್ತೈತಿ" ಎಂದಿದ್ದಳಂತೆ. ಅಂದಾನೆಪ್ಪ ಒಂದು ಕಾಲಕ್ಕೆ ಒಳ್ಳೆಯ ನೇಕಾರ. ಹತ್ತಿಯ ಧೂಳು ಎದೆಗೆ ಕೂತು ಮಗ್ಗ ಬಿಟ್ಟ ಮೇಲೆ ಮನೆಯಲ್ಲಿ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುತ್ತಾನೆ. ಮನೆ ನಡೆಯುವುದು ತಂಗೆವ್ವನ ಆ ಮೆತ್ತನೆಯ ಬೆರಳಿನಿಂದ.

ಈ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಬಿದ್ದರೆ ಏಳಿಸುವ ಸಾಹೇಬನಿಲ್ಲ. ಇರುವುದು ಮಗ್ಗಗಳು ಮಾತ್ರ. "ಇದು ತಂಗೆವ್ವನ ಮಗ್ಗ" ಎಂದರೆ ಅದರ ಕೆಚ್ಚು ಆಕೆಯದು, ಬೇರೆಯವರು ಅಲ್ಲಿ ಕೂರುವುದಿಲ್ಲ. ಆದರೆ ಹೊತ್ತಿಗೆ ಆಕೆ ಬರದೆ ಮಾಲಕ ಇನ್ನೊಬ್ಬಳನ್ನು ಕರೆಸಿ, ಆ ಇನ್ನೊಬ್ಬಳು ಒಂದು ಹಾಸು ಕೆಚ್ಚಿದಳೆಂದರೆ ಮುಗಿಯಿತು, ಅಂದಿನಿಂದ ಮಗ್ಗ ಅವಳದು. ಪದೇ ಪದೇ ಕೈ ಬದಲಾದರೆ ಹಾಸಿನ ನೂಲಿಗೆ ಬೇಸರವಾಗುತ್ತದೆ ಎನ್ನುತ್ತಾರೆ ಓಣಿಯ ಹಿರಿಯರು. ನೂಲಿಗೆ ಎಂಥ ಬೇಸರ! ಬೇಸರವೆಲ್ಲ ಮಾಲಕರದು. ಈ ನಡವಳಿಕೆಯಲ್ಲಿ ಒಂದೇ ಒಂದು ಸಡಿಲು ಉಂಟು. ಕೆಚ್ಚುವವಳು ತಾನೇ ಹೋಗಿ, ಎಲೆ ಅಡಿಕೆ ಕೊಟ್ಟು, ಬದಲಿಗೆ ಕೂರು ಬಾ ಎಂದು ಕರೆದು, ಆ ಇನ್ನೊಬ್ಬಳು ಎಲೆ ಹಿಡಿದು ಬಂದರೆ ಅವಳು ಬದಲಿಯವಳಷ್ಟೇ. ಮಗ್ಗ ಕೈಬಿಟ್ಟು ಹೋಗುವುದಿಲ್ಲ.

ಹಾಗಾದರೆ ಕರೆಯಬಹುದಿತ್ತಲ್ಲ? ಕರೆಯಬೇಕಾದವಳು ಮರೆವ್ವ. ಓಣಿಯಲ್ಲಿ ಕೆಚ್ಚುವವರು ಅಂತ ಉಳಿದವರು ಇವರಿಬ್ಬರೇ. ಊರಿಗೆಲ್ಲ ಚಿಕೂನ್‌ಗುನ್ಯಾ ಬಂದ ವರ್ಷ ಮರೆವ್ವನ ಬೆರಳ ಸಂದುಗಳು ಬಾತು ಕೂತಿದ್ದವು. ಶಿದ್ರಾಮಪ್ಪನ ಮನೆಯಲ್ಲಿ ಆಕೆ ಕೆಚ್ಚುತ್ತಿದ್ದ ಮೂರು ಮಗ್ಗ ನಿಂತವು. ಶಿದ್ರಾಮಪ್ಪ ತಂಗೆವ್ವನಿಗೆ ಹೇಳಿ ಕಳಿಸಿದ. ತಂಗೆವ್ವ ಹೋದಳು, ಕೆಚ್ಚಿದಳು. ಕದ್ದದ್ದಲ್ಲ, ಕಸಿದದ್ದೂ ಅಲ್ಲ. ಮೂರೂ ಮಗ್ಗ ಇವತ್ತಿಗೂ ತಂಗೆವ್ವನವೇ. ಮರೆವ್ವ ಜಗಳ ಮಾಡಿದ್ದರೆ ಚೆನ್ನಾಗಿತ್ತು, ನಾಲ್ಕು ಮಾತು ಅಂದು ಹಗುರಾಗುತ್ತಿದ್ದಳು. ಜಗಳ ಮಾಡಲಿಲ್ಲ, ಮಾತು ಬಿಟ್ಟಳು. ಎದುರು ಬಂದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದಳು. ಈಗ ತನ್ನ ಸರದಿ ಬಂತು ಎಂದು ತಂಗೆವ್ವನಿಗೆ ಕಲ್ಲು ಬಿದ್ದ ಕ್ಷಣವೇ ಹೊಳೆದಿತ್ತು.

ಓಣಿಯ ಕಣ್ಣು ತಪ್ಪಿಸಿ ಜಮಖಂಡಿಗೆ ಹೋಗಿ ತೋರಿಸಿದರು. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ತುದಿಯ ಮೂಳೆ ಮುರಿದಿದೆ ಎಂದು ಹೇಳಿ, ಬೆರಳಿಗೆ ಪಟ್ಟಿ ಇಟ್ಟು ಕಟ್ಟಿದರು. ಒಂದೂವರೆ ತಿಂಗಳು ಕೈಗೆ ಕೆಲಸ ಹಚ್ಚಬಾರದು ಎಂದರು.

"ಮೊದಲಿನಂಗ ಆಕ್ಕೈತೇನ್ರಿ?" ಎಂದಳು ತಂಗೆವ್ವ.

"ಮೂಳಿ ಕೂಡತೈತವಾ. ತುದೀಗೆ ಮುಟ್ಟಿದ್ದು ತಿಳಿಯೂದು ಮಾತ್ರ ಈಗ ಹೇಳಾಕ ಬರಂಗಿಲ್ಲ."

ಡಾಕ್ಟರಿಗೆ ಅದು ಸಣ್ಣ ಮಾತು. ಬಸ್ಸಿನಲ್ಲಿ ಬರುವಾಗ ತಂಗೆವ್ವ ಆ ಮಾತನ್ನೇ ನುಂಗಲಾರದೆ ಕೂತಿದ್ದಳು. ಮುಟ್ಟಿದ್ದು ತಿಳಿಯದ ಬೆರಳು ಇದ್ದರೆಷ್ಟು, ಹೋದರೆಷ್ಟು? ಹೊಸೆದ ಎಳೆ ಕೂಡಿತೋ ಇಲ್ಲವೋ ಎಂದು ಕಣ್ಣು ಹೇಳುವುದಿಲ್ಲ, ಬೆರಳ ತುದಿಯೇ ಹೇಳಬೇಕು. ಪಕ್ಕದಲ್ಲಿ ಕೂತ ಅಂದಾನೆಪ್ಪ ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೆಮ್ಮುತ್ತಿದ್ದ.

ಮನೆ ಮುಟ್ಟುವ ಮೊದಲೇ ಫೋನ್ ಬಂತು. ಮಾಡಿದವನು ಚಿದಾನಂದ, ಓಣಿಯ ತುದಿಯ ಮಗ್ಗದ ಶೆಡ್ಡಿನ ಮಾಲಕ. ಒಳ್ಳೆಯ ಮನುಷ್ಯನೇ, ಆದರೆ ಮಗ್ಗ ನಿಂತರೆ ಆತನಿಗೆ ಉಣ್ಣಲು ಸೇರುವುದಿಲ್ಲ.

"ತಂಗೆವ್ವಾರ, ನಡುವಿನ ಮಗ್ಗದ ಹಾಸು ತೀರೇತ್ರಿ. ಮುಧೋಳದವರ ಮದಿವಿ ಸೀರಿ ಅವು, ಅರ್ಧಕ್ಕ ನಿಂತಾವು. ನಾಳಿ ಬರ್ತೀರಲ್ಲ?"

"ಬರ್ತೇನ್ರಿ" ಎಂದು ತಂಗೆವ್ವ ಫೋನ್ ಇಟ್ಟಳು.

ಅಂದಾನೆಪ್ಪ ಹೌಹಾರಿದ. "ನಿನಗ ತಲಿ ನೆಟ್ಟಗ ಐತೇನು? ಎದರಿಂದ ಕೆಚ್ಚಾಕಿ? ಮೂಗಿಲೆ?"

"ಎಡಗೈ ಸತ್ತಿಲ್ಲ."

"ಮರೆವ್ವಗ ಒಂದ ಮಾತು..."

"ಆ ಹೆಸರು ತಗೀಬ್ಯಾಡ್ರಿ."

ಅಂದಾನೆಪ್ಪ ತೆಗೆಯಲಿಲ್ಲ. ಹೆಂಡತಿಯ ಕೂಡ ವಾದಿಸಿ ಗೆದ್ದ ನೆನಪು ಆತನಿಗೆ ಇರಲೂ ಇಲ್ಲ. ಆ ದಿನ ಇಳಿಹೊತ್ತಿನ ತನಕ ತಂಗೆವ್ವ ಆತನ ಕಂಡಿಕೆಯ ನೂಲು ಹರಿದು ಹರಿದು ಎಡಗೈಯಿಂದ ಹೊಸೆದಳು. ಮೊದಮೊದಲು ಎಳೆ ಬೆರಳಿಗೆ ಸಿಗಲೇ ಇಲ್ಲ. ಆಮೇಲೆ ಸಿಕ್ಕಿತು, ಹೊಸೆಯಿತು. ಎಳೆದು ನೋಡಿದರೆ ಹಿಡಿದುಕೊಂಡಿತು. ಎದೆಯ ಮೇಲಿನ ಭಾರ ಅರ್ಧ ಇಳಿದಂತಾಯಿತು.

ಮರುದಿನ ಶೆಡ್ಡಿಗೆ ಹೋದಾಗ ಬಲಗೈ ಸೆರಗಿನೊಳಗಿತ್ತು. ಚಿದಾನಂದ ಕೇಳಿದ್ದಕ್ಕೆ ಉಗುರುಸುತ್ತು ಆಗಿದೆ ಎಂದಳು. ಸುಳ್ಳು ಹೇಳಿ ರೂಢಿಯಿಲ್ಲದವಳು, ಮುಖ ತಿರುಗಿಸಿಕೊಂಡು ಹೇಳಿದಳು. ಆತ ನಂಬಿದ. ಕೆಚ್ಚುವವಳು ಕೂರುವುದು ಮಗ್ಗದ ಹಿಂದೆ, ನೆಲದ ಮೇಲೆ, ಗೋಡೆಗೂ ನೂಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ. ಆಚೀಚೆಯ ಮಗ್ಗಗಳು ಖಟಾಖಟ್ ಬಡಿಯುತ್ತಿದ್ದವು. ಆ ಬಡಿತ ಕಟ್ಟಿದ ಬೆರಳಿನೊಳಗೂ ಬಡಿಯುತ್ತಿತ್ತು.

ಬಲಗೈಯ ಉಳಿದ ಬೆರಳುಗಳಿಂದ ಎಳೆ ಎತ್ತಿಕೊಡುವುದು, ಎಡಗೈಯಿಂದ ಹೊಸೆಯುವುದು. ಒಂದು, ಇನ್ನೊಂದು, ಮತ್ತೊಂದು. ಯಾವಾಗಲೂ ಹಾಡು ಗುನುಗುತ್ತ ಮುಗಿಸುವ ಕೆಲಸ ಇವತ್ತು ಉಸಿರು ಬಿಗಿಹಿಡಿದರೂ ಸರಿಯುತ್ತಿರಲಿಲ್ಲ. ಕಟ್ಟಿದ ಬೆರಳು ಎಲ್ಲಾದರೂ ತಾಗಿತೆಂದರೆ ಕಣ್ಣು ಕತ್ತಲೆ. ಚಿದಾನಂದ ಗಳಿಗೆಗೊಮ್ಮೆ ಬಂದು, "ಎಲ್ಲಿತನಕ ಬಂತ್ರಿ?" ಎನ್ನುತ್ತಿದ್ದ. "ಬಂತು, ಬಂತು" ಎನ್ನುತ್ತಿದ್ದಳು. ಅವತ್ತಿಗೆ ಮುಗಿಯಲಿಲ್ಲ. ಇಂಥ ಹಾಸನ್ನು ಆಕೆ ಹೊತ್ತು ಮುಳುಗುವುದರೊಳಗೆ ಮುಗಿಸದೆ ಎದ್ದದ್ದೇ ಇಲ್ಲ. ಚಿದಾನಂದ ಬಗ್ಗಿ ಉಳಿದ ಎಳೆಗಳನ್ನು ನೋಡಿದ. ಆ ನೋಟವೇ ಆಕೆಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಮಧ್ಯಾಹ್ನ ಕೊನೆಯ ಎಳೆ ಹೊಸೆದು ತಂಗೆವ್ವ ಗೋಡೆ ಹಿಡಿದು ಎದ್ದಳು. ಸೊಂಟ ಸೆಟೆದಿತ್ತು. ಆದರೂ ಮನಸ್ಸಿನಲ್ಲಿ ಜಂಬ ಬಂದಿತ್ತು, ಬರದೆ ಏನು. ಯಾವ ಕೈಯೂ ಬದಲಾಗದೆ ಮಗ್ಗ ಉಳಿಯಿತು. ಇನ್ನು ಉಳಿದದ್ದು ಕೂಡಿಸಿದ ಎಳೆಗಳನ್ನೆಲ್ಲ ಮೆಲ್ಲಗೆ ಮುಂದಕ್ಕೆಳೆದು ಹಣಿಗೆ ದಾಟಿಸುವುದು. ಚಿದಾನಂದ ಮುಂದೆ ನಿಂತು ಮಗ್ಗದ ಗಾಲಿಯನ್ನು ಕೈಯಿಂದ ತಿರುಗಿಸಿದ.

ಹಾಸು ಬಿಗಿಯಾಯಿತು. ಎಡದಂಚಿನಲ್ಲಿ ಒಂದು ಎಳೆ ಜಾರಿ ಜೋತುಬಿತ್ತು. ಒಂದು ಹೋದರೆ ಹೋಗಲಿ, ಅದು ಇದ್ದದ್ದೇ. ಇನ್ನೊಂದು ಬಿತ್ತು. ಪಕ್ಕದಲ್ಲಿ ನಾಲ್ಕಾರು ಒಟ್ಟಿಗೆ ಬಿದ್ದವು.

"ನಿಲ್ಲಸ್ರಿ!" ಎಂದು ತಂಗೆವ್ವ ಕೂಗಿದಳು. ಆಚೀಚೆಯ ಮಗ್ಗಗಳ ಗದ್ದಲದಲ್ಲಿ ಆತನಿಗೆ ಕೇಳಲಿಲ್ಲ. ಗಾಲಿ ಇನ್ನರ್ಧ ಸುತ್ತು ತಿರುಗಿತು. ನಡುವಿನಲ್ಲಿ ಒಂದು ಗೇಣು ಅಗಲ ಪೂರ್ತಿ ಬಿಚ್ಚಿಕೊಂಡು, ಎಳೆಗಳ ತುದಿಗಳು ಸಡಿಲಾಗಿ ನೇತಾಡಿದವು.

ಆತ ಹಿಂದೆ ಬಂದು ನೋಡಿದ. ತಂಗೆವ್ವ ಒಂದು ತುದಿಯನ್ನು ಹಿಡಿದು ಬೆಳಕಿಗೆ ಎತ್ತಿದ್ದಳು. ನೂಲಿನ ಹುರಿ ಬಿಚ್ಚಿ ತುದಿ ಅರಳೆಯ ಹಾಗೆ ಉಬ್ಬಿತ್ತು. ಆಗ ಆಕೆಗೆ ತಿಳಿಯಿತು. ಬಲಗೈ ಹೆಬ್ಬೆರಳು ಮುಂದಕ್ಕೆ ಒತ್ತಿ ಹೊಸೆದರೆ ಹುರಿ ಬಿಗಿಯುತ್ತದೆ. ಎಡಗೈ ಹೆಬ್ಬೆರಳೂ ಹಾಗೇ ಮುಂದಕ್ಕೆ ಒತ್ತಿದರೆ ಹುರಿ ಉಲ್ಟಾ ತಿರುಗಿ ಬಿಚ್ಚುತ್ತದೆ. ಬೂದಿಯ ಹಿಡಿತಕ್ಕೆ ಮೇಲೆ ಮೇಲೆ ನಿಂತಿತ್ತು, ಬಿಗಿ ಬಿದ್ದ ಕೂಡಲೇ ಕೈಕೊಟ್ಟಿತು. ಹೊಸೆಯುವುದು ಯಾವ ಕಡೆಗೆ ಎಂದು ಆಕೆ ಜನ್ಮದಲ್ಲಿ ಯೋಚಿಸಿದವಳಲ್ಲ, ಬೆರಳು ತಾನೇ ಮಾಡುತ್ತಿತ್ತು. ಎರಡು ದಿನ ಹಾಸು ಕೂಡಿಸುತ್ತೇನೆಂದು ಕೂತು ಎಳೆ ಎಳೆಯಾಗಿ ಅದನ್ನು ಕೆಡಿಸಿದ್ದಳು.

"ಕೈ ತೋರಸ್ರಿ" ಎಂದ ಚಿದಾನಂದ.

ಸೆರಗು ಸರಿಸಿದಳು. ಆತ ಕಟ್ಟು ನೋಡಿ, ತಲೆಗೆ ಕೈಹಚ್ಚಿದ. ಬೈದಿದ್ದರೆ ತಂಗೆವ್ವ ತಡೆದುಕೊಳ್ಳುತ್ತಿದ್ದಳು.

"ಮೊದಲಽ ಹೇಳಬಾರದೇನ್ರಿ ಯವ್ವಾ? ನಾ ಏನು ಹುಲಿಯೇನು?" ಎಂದು ಕಿಸೆಯಿಂದ ಫೋನ್ ತೆಗೆದ. "ಇರಲಿ, ಮರೆವ್ವನ್ನ ಕರಸ್ತೇನಿ."

ಅದೇ ಮಾತು. ಆ ಮಾತು ಬರಬಾರದೆಂದೇ ಇಷ್ಟೆಲ್ಲ ಮಾಡಿದ್ದು. ಆತ ಕರೆಸಿದರೆ ಈ ಮಗ್ಗ ಹೋಯಿತು. ಇದರ ಸುದ್ದಿ ಹರಡಿದರೆ ಉಳಿದ ಮನೆಗಳವರೂ ಫೋನ್ ತೆಗೆಯುತ್ತಾರೆ, ಒಂದೂವರೆ ತಿಂಗಳಲ್ಲಿ ಓಣಿಯ ಒಂದು ಮಗ್ಗವೂ ಆಕೆಯದಾಗಿ ಉಳಿಯುವುದಿಲ್ಲ.

"ಫೋನ್ ಇಡ್ರಿ" ಎಂದಳು. "ನಾನಽ ಹೋಗಿ ಕರಕೊಂಡು ಬರ್ತೇನಿ."

ಮೂಲೆಯ ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡಳು. ಎಡಗೈಯಲ್ಲಿ ಹಿಡಿದು ಕೊಡುವುದು ಹೇಗೆ ಎಂಬ ಹೊಸ ಫಜೀತಿ ದಾರಿಯಲ್ಲಿ ತಲೆ ತಿಂದಿತು. ಮರೆವ್ವ ಹೊಸ್ತಿಲ ಬಳಿ ಕೂತು ಜೋಳ ಹಸನ ಮಾಡುತ್ತಿದ್ದಳು. ಎದುರು ನಿಂತವಳನ್ನು ನೋಡಿದಳು, ಮತ್ತೆ ಮೊರದ ಕಡೆ ನೋಡಿದಳು.

"ಕೈಗೆ ಪೆಟ್ಟಾಗೇತಿ. ಚಿದಾನಂದನ ಮಗ್ಗದಾಗ ಹಾಸು ಕೆಡಿಸೇನಿ. ನನ್ನ ಬದಲಿಗೆ ಕುಂದರು ಬಾ ಮರೆವ್ವ" ಎಂದು ತಂಗೆವ್ವ ಒಂದೇ ಉಸಿರಿಗೆ ಅಂದಳು. ಇಷ್ಟು ವರ್ಷಗಳಲ್ಲಿ ಇಬ್ಬರ ನಡುವಿನ ಮೊದಲ ಮಾತು ಅದು.

ಮರೆವ್ವ ಮೊರ ಕೆಳಗಿಟ್ಟಳು. "ಹಂಗ್ಯಾಕ ಮುಚ್ಚಿಕೊಂಡಿ? ಸೆರಗು ತಗಿ."

ಕಟ್ಟಿದ ಬೆರಳನ್ನು ಬಹಳ ಹೊತ್ತು ನೋಡಿದಳು. ತಂಗೆವ್ವ ಎಡಗೈಯಿಂದಲೇ ಎಲೆ ಅಡಿಕೆ ಮುಂದೆ ಚಾಚಿದಳು. ಮರೆವ್ವ ಅದನ್ನು ತೆಗೆದುಕೊಳ್ಳಲಿಲ್ಲ. "ಅಲ್ಲಿ ಇಡು" ಎಂದು ಹೊಸ್ತಿಲ ಕಡೆ ಕಣ್ಣು ತೋರಿಸಿ, ಒಳಗೆ ಹೋಗಿ ಬೂದಿಯ ಡಬ್ಬಿ ಹಿಡಿದುಕೊಂಡು ಬಂದು, ಎಲೆಯನ್ನು ದಾಟಿ ಹೊರಗೆ ನಡೆದಳು.

ತಂಗೆವ್ವ ಹಿಂದೆ ಹಿಂದೆ ನಡೆದಳು. ಎಲೆ ಹಿಡಿಯದೆ ಬಂದವಳು ಬದಲಿಯವಳಲ್ಲ. ಹಾಗಾದರೆ ಮಗ್ಗ ತೆಗೆದುಕೊಳ್ಳಲೆಂದೇ ಹೊರಟಳು. ನಿಲ್ಲು ಎನ್ನೋಣವೆಂದರೆ ಅಲ್ಲಿ ಹಾಸು ಬಿಚ್ಚಿ ಬಿದ್ದಿದೆ, ಕರೆದವಳೂ ತಾನೇ.

ಮರೆವ್ವ ಮಗ್ಗದ ಹಿಂದೆ ಬಗ್ಗಿ ನೋಡಿದಳು. ಒಂದು ಎಳೆ ಎತ್ತಿ, ಹುರಿ ನೋಡಿ, ಕೆಳಗೆ ಬಿಟ್ಟಳು. "ಎಲ್ಲಾ ತಗೀಬೇಕು" ಎಂದಷ್ಟೇ ಹೇಳಿ ಬಲದಂಚಿಗೆ ಕೂತಳು. ತಂಗೆವ್ವನ ಕಡೆ ತಿರುಗದೆ, "ನೀ ಆ ಕಡೆಯಿಂದ ಬಾ" ಎಂದಳು.

ಇಬ್ಬರೂ ಎರಡು ಅಂಚಿನಿಂದ ನಡುವಿನ ಕಡೆಗೆ ಹೊರಟರು. ಈಗ ತಂಗೆವ್ವ ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಒತ್ತದೆ ತನ್ನ ಕಡೆಗೆ ಎಳೆದು ಹೊಸೆಯಬೇಕಿತ್ತು. ಬೆರಳು ಮಾತು ಕೇಳುತ್ತಿರಲಿಲ್ಲ. ಮೈ ಮರೆತರೆ ಸಾಕು, ಮುಂದಕ್ಕೇ ಹೋಗುತ್ತಿತ್ತು. ಪ್ರತಿಯೊಂದಕ್ಕೂ ಬೆರಳಿಗೆ ಹೇಳಿ ಹೇಳಿ ಮಾಡಿಸಿದಳು. ಮರೆವ್ವ ನಡುನಡುವೆ ಕೈಚಾಚಿ ತಂಗೆವ್ವ ಕೂಡಿಸಿದ್ದನ್ನು ಎಳೆದು ನೋಡುತ್ತಿದ್ದಳು. ಕೆಲವು ಬಿಟ್ಟುಕೊಂಡವು. ಬಿಟ್ಟವನ್ನು ಮಾತಿಲ್ಲದೆ ಆಕೆಯ ಕಡೆಗೆ ತಳ್ಳುತ್ತಿದ್ದಳು. ಬಿಡುವುದು ಬರಬರುತ್ತ ಕಡಿಮೆಯಾಯಿತು, ಆಮೇಲೆ ಮರೆವ್ವ ಎಳೆದು ನೋಡುವುದನ್ನೂ ಬಿಟ್ಟಳು. ತಂಗೆವ್ವನಿಗೆ ಇದು ನಂಬಿಕೆಯೋ ಬೇಸರವೋ ತಿಳಿಯಲಿಲ್ಲ. ನೀರು ಕುಡಿಯಲೂ ಏಳದೆ ಕೂತಳು.

ಅವತ್ತೂ ಆಯಿತು, ಮರುದಿನವೂ ಬಂದು ಕೂತರು. ನಡುವಿನಲ್ಲಿ ಇಬ್ಬರ ಮೊಣಕಾಲು ತಾಗುವಷ್ಟು ಹತ್ತಿರ ಬಂದಾಗ ಕೊನೆಯ ಎಳೆಯನ್ನು ಮರೆವ್ವ ಹೊಸೆದಳು. ಚಿದಾನಂದ ಗಾಲಿ ಹಿಡಿದ. ತಂಗೆವ್ವ ಕಣ್ಣು ಮುಚ್ಚಿದಳು, ನೋಡಲಾರದೆ ಮುಚ್ಚಿದಳು. ಒಂದು ಸುತ್ತು. ಇನ್ನೊಂದು. ಹಾಸು ಬಿಗಿಯಾಗಿ, ಕೂಡಿಸಿದ ಎಳೆಗಳೆಲ್ಲ ಒಂದರ ಹಿಂದೊಂದು ಹಣಿಗೆ ದಾಟಿದವು. ಎಡಗಡೆ ಎರಡು ಮೂರು ಬಿದ್ದವು, ಅವನ್ನು ಮರೆವ್ವ ನಿಂತಲ್ಲೇ ಎತ್ತಿ ಹೊಸೆದಳು. ಚಿದಾನಂದ ಸ್ವಿಚ್ ಹಾಕಿದ. ಮಗ್ಗ ಹೊರಟಿತು.

ಒಂದಿಷ್ಟು ನೇಯ್ದು ನೋಡಿ, ಬಟ್ಟೆಯ ಮೇಲೆ ಅಂಗೈ ಆಡಿಸಿ, ಆತ ಮಗ್ಗ ನಿಲ್ಲಿಸಿದ. ಮೋರೆಗೆ ಜೀವ ಬಂದಿತ್ತು. ಮಾಲಕ ಕೇಳಲೇಬೇಕಾದ ಮಾತನ್ನು ಕೇಳಿದ.

"ಮುಂದಿನ ಸಲ ಹಾಸು ತೀರಿದ್ರ ಯಾರಿಗೆ ಹೇಳಿ ಕಳಸ್ಲಿ?"

ನನಗೆ ಎನ್ನಲು ತಂಗೆವ್ವನಿಗೆ ಈಗ ಯಾವ ಹಕ್ಕು ಉಳಿದಿತ್ತು? ಮರೆವ್ವ ಬೂದಿಯ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಅದು ಸರಿಯಾಗಿ ಕೂರುವ ತನಕ ತಿರುವಿದಳು.

"ಆಕಿಗೇ ಹೇಳ್ರಿ. ಮಗ್ಗ ಆಕೀದು" ಎಂದಳು. "ಕೈ ಮಾಯೂತನಕ ನಾನೂ ಸಂಗಾಟ ಬರ್ತೇನಿ."

ಚಿದಾನಂದ ಹೂಂ ಎಂದು ಮುಂದಿನ ಕಡೆಗೆ ಹೋದ. ಆತನಿಗೆ ಸೀರೆ ಹೊರಟರೆ ಸಾಕಾಗಿತ್ತು. ತಂಗೆವ್ವನಿಗೆ ಮೊದಲು ಜೀವ ಬಂತು. ಹಿಂದೆಯೇ ನಾಚಿಕೆ ಬಂತು, ಬೆರಳ ನೋವು ಅದರ ಮುಂದೆ ಏನೂ ಅಲ್ಲ.

"ಎಲಿ ಯಾಕ ಹಿಡೀಲಿಲ್ಲ ಮತ್ತ?"

"ಎಲಿ ಕೊಟ್ರ ಅಷ್ಟಽ ಬರಾಕಿಯೇನು ನಾ? ಬೆರಳು ನೋಡಿ ಬಂದೆ."

ತಂಗೆವ್ವ ಗೋಡೆಗೆ ಒರಗಿ ಕೂತಳು. "ಶಿದ್ರಾಮಪ್ಪನ ಮನಿ ಮಗ್ಗ ಮೂರೂ ನಿನ್ನವು ಮರೆವ್ವ. ಇವತ್ತಽ ಹೋಗಿ ಹೇಳ್ತೇನಿ. ನಿನ್ನ ಕೈ ಬಾತಿತ್ತಂತ ಅವು ನನ್ನ ಕಡೆ ಬಂದವು, ಈಗ ನಿನ್ನ ಕೈ ಛಲೋ ಆಗೇತಿ..."

"ಈಗ ಆದದ್ದಲ್ಲ ತಂಗೆವ್ವ" ಎಂದಳು ಮರೆವ್ವ. ಸಿಟ್ಟಿಲ್ಲದೆ, ಹೊತ್ತೆಷ್ಟಾಯಿತು ಎಂದು ಹೇಳುವ ಹಾಗೆ ಹೇಳಿದಳು. "ನನ್ನ ಕೈ ಆ ವರ್ಷದ ದೀಪಾವಳಿಗೇ ಛಲೋ ಆಗಿತ್ತು. ನೀ ಒಂದ ಸಲ ಬಂದು ಹೆಂಗೈತಿ ಅಂತ ಕೇಳ್ತಿ ಅಂತ ನಾ ಕಾಯ್ಕೋತ ಕುಂತಿದ್ದೆ."

ತಂಗೆವ್ವ ತಲೆ ತಗ್ಗಿಸಿ ಅತ್ತಳು. ಆಚೀಚೆಯ ಮಗ್ಗಗಳ ಸಪ್ಪಳದಲ್ಲಿ ಆ ಅಳು ಯಾರಿಗೂ ಕೇಳಲಿಲ್ಲ. ಮರೆವ್ವ ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ಮುಗಿಯುವ ತನಕ ಪಕ್ಕದಲ್ಲಿ ಕೂತಿದ್ದು, ಆಮೇಲೆ, "ಏಳು, ಶಿದ್ರಾಮಪ್ಪ ಊಟಕ್ಕ ಹೋಗೂದ್ರಾಗ ಹೋಗೂಣು" ಎಂದು ಆಕೆಯ ಎಡಗೈ ಹಿಡಿದು ಎಬ್ಬಿಸಿದಳು.